ದಾಳಿಂಬೆ ಕೊಳ್ಳಲಾಗದ ಮನೆಯಲ್ಲಿ ರಕ್ತ ಹೆಚ್ಚಿಸುವುದು ಹೇಗೆ?

ಪ್ರಶ್ನೆ: ನಾನು ಪೀಣ್ಯದ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮನೆಯವರು ಪೇಂಟಿಂಗ್ ಕೆಲಸಕ್ಕೆ ಹೋಗುತ್ತಾರೆ. ತಿಂಗಳಲ್ಲಿ ಇಪ್ಪತ್ತು ದಿನ ಕೆಲಸ ಸಿಕ್ಕರೆ ಅದೇ ಹೆಚ್ಚು. ಮಗಳಿಗೆ 13 ವರ್ಷ, ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ಮಗನಿಗೆ 6, ಪಕ್ಕದ ಬೀದಿಯ ಕಾನ್ವೆಂಟಿಗೆ ಹೋಗುತ್ತಾನೆ. ಮಗಳು ಯಾವಾಗಲೂ ಸುಸ್ತು ಅನ್ನುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಹೀಮೋಗ್ಲೋಬಿನ್ 8.9 ಬಂತು. ಡಾಕ್ಟರು ಟಾನಿಕ್ ಬರೆದು, ದಾಳಿಂಬೆ, ಖರ್ಜೂರ, ಬೀಟ್‌ರೂಟ್, ಸೊಪ್ಪು ಚೆನ್ನಾಗಿ ಕೊಡಿ ಅಂದರು. ದಾಳಿಂಬೆ ಕೇಜಿಗೆ 200 ರೂಪಾಯಿ. ಬಾಡಿಗೆ, ಫೀಸು, ಸಂಘದ ಕಂತು ಎಲ್ಲ ಕಳೆದು ದಿನಸಿ, ತರಕಾರಿ, ಹಾಲಿಗೆ ಉಳಿಯುವುದು 4,000. ಗೃಹಲಕ್ಷ್ಮಿ ದುಡ್ಡು ಬಂದರೆ ಅದೂ ಕಂತಿಗೇ ಹೋಗುತ್ತದೆ. ಅಕ್ಕಿ ರೇಷನ್‌ದು. ಬೆಳಿಗ್ಗೆ ಚಿತ್ರಾನ್ನ ಅಥವಾ ಉಪ್ಪಿಟ್ಟು, ರಾತ್ರಿ ಅನ್ನ ಸಾರು. ಭಾನುವಾರ ಮನೆಯವರಿಗೆ, ಮಕ್ಕಳಿಗೆ ಅರ್ಧ ಕೇಜಿ ಕೋಳಿ ತರುತ್ತೇನೆ. ನಮ್ಮಂಥವರು ಮಕ್ಕಳಿಗೆ ಒಳ್ಳೆ ಊಟ ಹಾಕುವುದು ಹೇಗೆ?

ಉತ್ತರ: ಮೊದಲು ದಾಳಿಂಬೆ ವಿಷಯ ಮುಗಿಸಿಬಿಡೋಣ. ನಿಮ್ಮ ಮಗಳ ವಯಸ್ಸಿನ ಹುಡುಗಿಗೆ ದಿನಕ್ಕೆ ಸುಮಾರು 30 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು. ನೂರು ಗ್ರಾಂ ದಾಳಿಂಬೆ ಕಾಳಿನಲ್ಲಿ ಇರುವುದು ಅರ್ಧ ಮಿಲಿಗ್ರಾಂಗಿಂತ ಕಡಿಮೆ, ಹೆಚ್ಚುಕಡಿಮೆ 0.3. ಅಂದರೆ ಒಂದು ದಿನದ ಕಬ್ಬಿಣ ಬರೀ ದಾಳಿಂಬೆಯಿಂದಲೇ ಬರಬೇಕು ಅಂದರೆ ಬಿಡಿಸಿದ ಕಾಳೇ ಹತ್ತು ಕೇಜಿ ಬೇಕಾಗುತ್ತದೆ. ಬೀಟ್‌ರೂಟ್ ಕಥೆಯೂ ಇದೇ, ನೂರು ಗ್ರಾಂಗೆ ಒಂದು ಮಿಲಿಗ್ರಾಂ ಕೂಡ ಇಲ್ಲ. ಎರಡೂ ಕೆಂಪಗಿವೆ, ರಕ್ತವೂ ಕೆಂಪು. ನಂಬಿಕೆ ಅಷ್ಟರಿಂದಲೇ ಬಂದಿರಬೇಕು ಅಂತ ನನ್ನ ಅನುಮಾನ. ತಿಂದರೆ ಕೆಟ್ಟದ್ದೇನಲ್ಲ. ಆದರೆ ಅದನ್ನು ಕೊಡಿಸಲಾಗಲಿಲ್ಲ ಅಂತ ನೀವು ಕೊರಗಬೇಕಾಗಿಲ್ಲ.

ಎರಡನೇ ಮಾತು ಸ್ವಲ್ಪ ಕಹಿ. ಈ ವಯಸ್ಸಿಗೆ ಹೀಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 8ರಿಂದ 11ರ ಒಳಗಿದ್ದರೆ ಮಧ್ಯಮ ಮಟ್ಟದ್ದು. 8.9ಕ್ಕೆ ಇಳಿದ ಮೇಲೆ ಊಟದಿಂದ ಮಾತ್ರ ಅದನ್ನು ಮೇಲೆ ತರಲು ಆಗುವುದಿಲ್ಲ. ಶ್ರೀಮಂತರ ಮನೆಯಲ್ಲೂ ಆಗುವುದಿಲ್ಲ. ಮಾತ್ರೆ ಬೇಕೇ ಬೇಕು. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದು ರಕ್ತ ಕಡಿಮೆಯಾಗದಂತೆ ತಡೆಯಲು. ನಿಮ್ಮ ಮಗಳಿಗೆ ಈಗ ಬೇಕಿರುವುದು ದಿನಾ ತಗೊಳ್ಳುವ ಕೋರ್ಸು, ಕೆಲವು ತಿಂಗಳಿನದ್ದು. ರಿಪೋರ್ಟ್ ಹಿಡಿದು ಹೋಗಿ, ಎಷ್ಟು ಮಾತ್ರೆ ಅನ್ನುವುದನ್ನು ಅಲ್ಲಿನ ಡಾಕ್ಟರೇ ಹೇಳಲಿ. ಹೊರಗೆ ಕೊಳ್ಳುವ ಟಾನಿಕ್ ಬಾಟಲಿಯ ಕೆಲಸವನ್ನು ಈ ಬಿಟ್ಟಿ ಮಾತ್ರೆಯೇ ಮಾಡುತ್ತದೆ. ಉಳಿದ ದುಡ್ಡಿಗೆ ಒಂದು ಟ್ರೇ ಮೊಟ್ಟೆ ಬರುತ್ತದೆ. ಜಂತುಹುಳುವಿನ ಮಾತ್ರೆ ಕೊನೆಗೆ ಯಾವಾಗ ತಗೊಂಡಳು ಕೇಳಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದಾ ಅಂತಲೂ ಮೆಲ್ಲಗೆ ಕೇಳಿ. ಹೋಗುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ. ಎಷ್ಟೋ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕಪ್ಪಗಾಗುವುದು ಸಹಜ, ಹೆದರಬೇಡಿ. ರಾತ್ರಿ ಊಟ ಆದ ಮೇಲೆ ಒಂದು ಲೋಟ ನಿಂಬೆಹಣ್ಣಿನ ನೀರಿನ ಜೊತೆ ಕೊಡಿ. ಟೀ, ಕಾಫಿ, ಹಾಲಿನ ಜೊತೆ ಬೇಡ, ಅವು ಕಬ್ಬಿಣ ಮೈಗೆ ಸೇರದಂತೆ ಅಡ್ಡ ನಿಲ್ಲುತ್ತವೆ. ನಮ್ಮಲ್ಲಿ ಊಟ ಆದ ತಕ್ಷಣ ಟೀ ಕುಡಿಯುವ ಅಭ್ಯಾಸ ಇದೆಯಲ್ಲ, ಒಂದು ಗಂಟೆ ತಡ ಮಾಡಿದರೂ ಲಾಭವೇ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ರಸ್ತೆ ಗುಡಿಸುವ ಒಬ್ಬ ತಾಯಿಗೆ ದಿನಾ ಒಂದು ಹಣ್ಣು, ಒಂದು ಲೋಟ ಹಾಲು, ಎರಡು ಬಗೆ ತರಕಾರಿ ಅಂತ ಚೀಟಿ ಬರೆದುಕೊಟ್ಟಿದ್ದೆ. ಆಕೆ ಚೀಟಿಯನ್ನು ತಿರುಗಿಸಿ ನೋಡಿ, "ದುಡ್ಡು ಯಾವ ಕಡೆ ಬರೆದಿದ್ದೀರಮ್ಮ?" ಅಂದರು. ಆವತ್ತಿನಿಂದ ಲೆಕ್ಕ ಹಾಕದೆ ಯಾರಿಗೂ ಊಟದ ಪಟ್ಟಿ ಕೊಟ್ಟಿಲ್ಲ. ನಿಮ್ಮದನ್ನೂ ಹಾಕಿದ್ದೇನೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ಅದರ ಪ್ರಕಾರ ದೊಡ್ಡವರೊಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಇಲ್ಲವೇ ಮೊಟ್ಟೆ ಮಾಂಸ, 300 ಮಿಲಿ ಹಾಲು, 35 ಗ್ರಾಂ ಕಡಲೆಕಾಯಿ ಬೀಜದಂಥವು, 27 ಗ್ರಾಂ ಎಣ್ಣೆ. ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ ಮಾತ್ರ. ನಾಲ್ಕು ಜನಕ್ಕೆ ತಿಂಗಳಿಗೆ ಗುಣಿಸಿದರೆ ತರಕಾರಿ 48 ಕೇಜಿ, ಕಾಳು 10 ಕೇಜಿ, ಹಣ್ಣು 12 ಕೇಜಿ, ಹಾಲು 36 ಲೀಟರ್. ತರಕಾರಿ ಕೇಜಿಗೆ 40, ಕಾಳು 120, ಹಣ್ಣು 60, ಹಾಲು 46 ಅಂತ ಹಿಡಿದೆ. ಬೀಜ, ಎಣ್ಣೆ ಕೂಡಿಸಿದರೆ 6,500 ದಾಟುತ್ತದೆ. ಮಕ್ಕಳಿಗೆ ಸ್ವಲ್ಪ ಕಡಿಮೆ ಹಿಡಿದರೂ 6,000ದ ಹತ್ತಿರ. ಅಕ್ಕಿ ಬಿಟ್ಟಿ ಬಂದ ಮೇಲಿನ ಲೆಕ್ಕ ಇದು, ಗಮನಿಸಿ. ನಿಮ್ಮ ಕೈಯಲ್ಲಿರುವುದು 4,000. ಹಾಗಾಗಿ "ಬಡವರಿಗೆ ಏನು ತಿನ್ನಬೇಕು ಅಂತ ಗೊತ್ತಿಲ್ಲ, ತಿಳಿವಳಿಕೆ ಕೊಡಬೇಕು" ಅಂತ ಯಾರಾದರೂ ಭಾಷಣ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಗೊತ್ತಿರುವುದು ಗೊತ್ತೇ ಇದೆ. ಎರಡು ಸಾವಿರ ಕಡಿಮೆ ಬಿದ್ದಿದೆ, ಅಷ್ಟೆ.

ಹಾಗಾದರೆ ಅಕ್ಕಿ ಮಾತ್ರ ಯಾಕೆ ಮನೆ ತುಂಬ ಇದೆ? ಸರ್ಕಾರ ಬೆಂಬಲ ಬೆಲೆ ಕೊಟ್ಟು ರಾಶಿ ರಾಶಿ ಕೊಳ್ಳುವುದು ಭತ್ತ ಮತ್ತು ಗೋಧಿಯನ್ನು. ಕೊಂಡದ್ದನ್ನು ತಾನೇ ಹಂಚುವುದು? 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕಾರ್ಡಿನ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೇಜಿ ಧಾನ್ಯ, ಅಂತ್ಯೋದಯದ ಮನೆಗೆ 35 ಕೇಜಿ. ಬೇಳೆಯ ಮಾತು ಅದರಲ್ಲಿಲ್ಲ. ನಮ್ಮ ರಾಜ್ಯದಲ್ಲಿ ಅದೇ ವರ್ಷ ಅನ್ನಭಾಗ್ಯ ಬಂತು. 2023ರಲ್ಲಿ ಇನ್ನೂ 5 ಕೇಜಿ ಸೇರಿಸುತ್ತೇವೆ ಅಂದರು. ಅಕ್ಕಿ ಸಿಗದೆ ಕೇಜಿಗೆ 34 ರೂಪಾಯಿಯಂತೆ ಖಾತೆಗೆ 170 ಹಾಕಿದರು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಟ್ಟರು. ಅದೇ ವರ್ಷದ ಕೊನೆಯ ಹೊತ್ತಿಗೆ, ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡುವ ತೀರ್ಮಾನ ಸಂಪುಟದಲ್ಲಾಯಿತು. ತಮಿಳುನಾಡಿನಲ್ಲಿ 2007ರಿಂದಲೇ ರೇಷನ್ ಅಂಗಡಿಯಲ್ಲಿ ತೊಗರಿಬೇಳೆ, ಪಾಮ್ ಎಣ್ಣೆ ಅಗ್ಗದ ಬೆಲೆಗೆ ಕೊಡುತ್ತಾ ಬಂದಿದ್ದಾರೆ; ಈಚಿನ ವರ್ಷಗಳಲ್ಲಿ ಕಾರ್ಡಿಗೆ ಒಂದು ಕೇಜಿ ಬೇಳೆ 30 ರೂಪಾಯಿಗೆ, ಒಂದು ಲೀಟರ್ ಎಣ್ಣೆ 25 ರೂಪಾಯಿಗೆ. ಬೇಳೆ ಕೊಡುವುದು ಸರಿಯಾದ ದಾರಿ. ಸಕ್ಕರೆ ಯಾಕೆ ಸೇರಿಸಿದರೋ, ಅದರ ಜಾಗದಲ್ಲಿ ಇನ್ನೊಂದು ಕೇಜಿ ಕಾಳು ಇಟ್ಟಿದ್ದರೆ ಚೆನ್ನಾಗಿತ್ತು.

ಅಕ್ಕಿಯಿಂದ ಹಸಿವು ನೀಗಿತು, ಅದು ಸಣ್ಣ ಮಾತಲ್ಲ. ಎಂಬತ್ತರ ದಶಕದ ಬರಗಾಲ ಕಂಡವರನ್ನು ಕೇಳಿ, ಹೇಳುತ್ತಾರೆ. ಆದರೆ ತಟ್ಟೆಯ ಇನ್ನರ್ಧ ಖಾಲಿ ಉಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಅದಕ್ಕೆ ಹಿಂದಿನ ಸಮೀಕ್ಷೆಗಿಂತ ಎರಡೂ ಜಾಸ್ತಿಯಾಗಿವೆ. ಇನ್ನೊಂದು ಕಡೆ ತೂಕ ಮೀರಿದ ಹೆಂಗಸರು ಶೇ 23ರಿಂದ 30ಕ್ಕೆ ಏರಿದ್ದಾರೆ. ಒಂದೇ ಬೀದಿಯಲ್ಲಿ, ಎಷ್ಟೋ ಸಲ ಒಂದೇ ಮೈಯಲ್ಲಿ, ಬೊಜ್ಜೂ ಇದೆ ರಕ್ತಹೀನತೆಯೂ ಇದೆ. ಅನ್ನ, ಎಣ್ಣೆ, ಸಕ್ಕರೆ ಅಗ್ಗವಾಗಿ, ಕಾಳು, ಸೊಪ್ಪು, ಮೊಟ್ಟೆ ದುಬಾರಿಯಾದರೆ ಹೀಗೇ ಆಗುವುದು.

ಅಮೆರಿಕದ ಬಡ ಬಡಾವಣೆಗಳಲ್ಲಿ ತರಕಾರಿ ಅಂಗಡಿಯೇ ಮೈಲಿಗಟ್ಟಲೆ ದೂರ ಇರುವುದು ಒಂದು ದೊಡ್ಡ ಸಮಸ್ಯೆ. ನಮ್ಮಲ್ಲಿ ಹಾಗಲ್ಲ, ತಳ್ಳುಗಾಡಿ ಮನೆ ಬಾಗಿಲಿಗೇ ಬರುತ್ತದೆ. ನಮ್ಮ ತೊಡಕು ಬೇರೆ. ತಳ್ಳುಗಾಡಿ ಬರುವ ಹೊತ್ತಿಗೆ ನೀವು ಮೆಷಿನ್ ಮುಂದೆ ಕೂತಿರುತ್ತೀರಿ. ರಾತ್ರಿ ಏಳಕ್ಕೆ ಬಂದು ನಿಂತವರಿಗೆ ಸೊಪ್ಪು ಬಿಡಿಸುವ ಶಕ್ತಿ ಎಲ್ಲಿರುತ್ತದೆ? ಕಾಳು ಬೇಯಿಸಲು ಗ್ಯಾಸ್ ಬೇಕು. ಕನೆಕ್ಷನ್ ಇಲ್ಲದವರು ಚಿಕ್ಕ ಸಿಲಿಂಡರಿಗೆ ಅಂಗಡಿಯಲ್ಲಿ ಕೇಜಿ ಲೆಕ್ಕದಲ್ಲಿ ತುಂಬಿಸಿಕೊಳ್ಳುತ್ತಾರೆ, ಅದು ಇನ್ನೂ ದುಬಾರಿ. ಹತ್ತು ನಿಮಿಷದಲ್ಲಿ ಚಿತ್ರಾನ್ನ ಆಗುತ್ತದೆ, ಹುರುಳಿಕಾಳು ಆಗುವುದಿಲ್ಲ. ಹಾಗಾಗಿ ನಾನು ಹೇಳುವುದು ದುಡ್ಡಿಗೂ ಹೊಂದಬೇಕು, ಹೊತ್ತಿಗೂ ಹೊಂದಬೇಕು, ಗ್ಯಾಸಿಗೂ ಹೊಂದಬೇಕು.

ಕಾಳಿನಿಂದಲೇ ಶುರು ಮಾಡೋಣ. ರಕ್ತ ಆಗಲು ಕಬ್ಬಿಣ ಎಷ್ಟು ಮುಖ್ಯವೋ ಪ್ರೋಟೀನೂ ಅಷ್ಟೇ ಮುಖ್ಯ. ಒಂದು ಗ್ರಾಂ ಪ್ರೋಟೀನ್ ಯಾವುದರಲ್ಲಿ ಎಷ್ಟಕ್ಕೆ ಬೀಳುತ್ತದೆ ಅಂತ ನೋಡಿದರೆ ಮಜಾ ಇದೆ. ಹುರುಳಿ ಕೇಜಿಗೆ 80 ಅಂದುಕೊಂಡರೆ 36 ಪೈಸೆ. ತೊಗರಿಬೇಳೆ 130 ಅಂದರೆ 60 ಪೈಸೆ. ಏಳು ರೂಪಾಯಿಯ ಮೊಟ್ಟೆಯಲ್ಲಿ ಒಂದು ರೂಪಾಯಿ ಚಿಲ್ಲರೆ. ಹಾಲಿನಲ್ಲಿ ಒಂದೂವರೆ ರೂಪಾಯಿಯ ಹತ್ತಿರ. ನೂರು ಗ್ರಾಂ ಹುರುಳಿಯಲ್ಲಿ ಕಬ್ಬಿಣ 8 ಮಿಲಿಗ್ರಾಂ ದಾಟುತ್ತದೆ. ದಾಳಿಂಬೆಯ ಪಕ್ಕ ಇಟ್ಟು ನೋಡಿ! ಎತ್ತಿಗೆ ಬೇಯಿಸಿ ಹಾಕುವ ಕಾಳು ಅಂತ ಪೇಟೆಯವರು ಮೂಗು ಮುರಿಯುತ್ತಾರೆ. ಮುರಿಯಲಿ, ಬೆಲೆ ಏರದೆ ಇರಲಿ.

ಹುರುಳಿಯನ್ನು ಹಾಗೇ ಬೇಯಿಸಿದರೆ ಗ್ಯಾಸ್ ತಿನ್ನುತ್ತದೆ. ಭಾನುವಾರ ಬೆಳಿಗ್ಗೆ ಒಂದು ಕೇಜಿ ನೆನೆಹಾಕಿ, ರಾತ್ರಿ ಬಟ್ಟೆಯಲ್ಲಿ ಕಟ್ಟಿಡಿ. ಸೋಮವಾರಕ್ಕೋ ಮಂಗಳವಾರಕ್ಕೋ ಮೊಳಕೆ ಬಂದಿರುತ್ತದೆ. ಮೊಳಕೆ ಬಂದರೆ ಬೇಗ ಬೇಯುತ್ತದೆ. ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಅನ್ನುವ ಅಂಶವೂ ಕಡಿಮೆಯಾಗುತ್ತದೆ. ಮೊಳಕೆ ಕಾಳಿನ ಸಾರು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹುರುಳಿ ಉಷ್ಣ ಅಂತ ಬೇಸಿಗೆಯಲ್ಲಿ ಬೇಡ ಅನ್ನುವವರಿದ್ದಾರೆ. ಜಗಳ ಬೇಡ, ಆಗ ಹೆಸರುಕಾಳು, ಅಲಸಂದೆ ಮಾಡಿ. ಬೇಳೆ ಸಾರು ಮಾಡುವಾಗ ಒಂದು ಹಿಡಿ ಬೇಳೆಗೆ ಎರಡು ಚೊಂಬು ನೀರು ಹೊಯ್ದು ತಿಳಿ ಸಾರು ಮಾಡುವ ರೂಢಿ ಇದೆ. ತಿಂಗಳ ಕೊನೆಯಲ್ಲಿ ಎಲ್ಲರ ಮನೆಯಲ್ಲೂ ಹಾಗೇ. ಆ ತಿಳಿ ಸಾರಿನಲ್ಲಿ ರುಚಿ ಇದೆ, ಬೇಳೆ ಇಲ್ಲ. ಮಕ್ಕಳ ತಟ್ಟೆಗೆ ಸೌಟು ಇಳಿಸುವಾಗ ಅಡಿಯಿಂದ ಬಗ್ಗಿಸಿ ಹಾಕಿ.

ಸೊಪ್ಪಿನ ವಿಷಯದಲ್ಲಿ ನಮ್ಮ ಹಳೇ ಮೈಸೂರು ಕಡೆಯ ಅಡುಗೆಗೆ ಸಮಾನ ಇಲ್ಲ, ಇದು ನನ್ನ ಪಕ್ಷಪಾತ ಅಂತಲೇ ತಿಳಿಯಿರಿ. ಬಸ್ಸಾರು ನೋಡಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ಬಸಿದ ನೀರಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಒಂದೇ ಉರಿಯಲ್ಲಿ ಎರಡು ಅಡುಗೆ. ನೀರಿಗಿಳಿದ ಸತ್ವವೂ ಹಾಳಾಗುವುದಿಲ್ಲ. ಪಕ್ಕಕ್ಕೆ ಮುದ್ದೆ, ಮೇಲೆ ಹುಣಸೆಹುಳಿ ಇಲ್ಲವೇ ನಿಂಬೆ. ನಿಂಬೆಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಜಾಸ್ತಿ ಹತ್ತುತ್ತದೆ. ದಂಟು, ಹರಿವೆ, ನುಗ್ಗೆಸೊಪ್ಪಿನಲ್ಲಿ ನೂರು ಗ್ರಾಂಗೆ ನಾಲ್ಕೂವರೆ ಮಿಲಿಗ್ರಾಂ ಆಸುಪಾಸು ಕಬ್ಬಿಣ ಇರುತ್ತದೆ. ನುಗ್ಗೆಮರ ನಿಮ್ಮ ಬೀದಿಯಲ್ಲಿ ಒಂದಾದರೂ ಇದ್ದೇ ಇರುತ್ತದೆ. ಮರದವರು ಕಾಯಿ ಮಾರಿಕೊಳ್ಳಲಿ, ಸೊಪ್ಪು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಬಿಡಿಸುವ ಕೆಲಸಕ್ಕೆ ಮನೆಯವರನ್ನೂ ಮಗಳನ್ನೂ ಟೀವಿ ಮುಂದೆ ಕೂರಿಸಿಕೊಳ್ಳಿ. ಪೇಂಟ್ ಬಳಿಯುವ ಕೈಗೆ ಸೊಪ್ಪು ಬಿಡಿಸುವುದೇನು ಕಷ್ಟವಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಊರಲ್ಲಿ ಹೊಲದ ಬದುವಿನಿಂದ ಅಣ್ಣೆಸೊಪ್ಪು, ಹೊನಗೊನೆ, ಗಣಿಕೆ ಎಲ್ಲ ಕಿತ್ತು ಬೆರಕೆ ಸೊಪ್ಪು ಮಾಡುತ್ತಿದ್ದೆವು. ಇಲ್ಲಿಯೂ ಕೆರೆ ಅಂಚಿನಲ್ಲಿ, ಖಾಲಿ ಸೈಟಿನಲ್ಲಿ ಕೀಳುವವರಿದ್ದಾರೆ. ಖಾಲಿ ಸೈಟಿನದು ಪರವಾಗಿಲ್ಲ, ಕಸ ಸುರಿಯುವ ಜಾಗ ಆಗದಿದ್ದರೆ ಸರಿ. ಆದರೆ ರಾಜಕಾಲುವೆ ಪಕ್ಕದ್ದು, ಕಾರ್ಖಾನೆ ನೀರು ಹರಿಯುವ ಕಡೆಯದ್ದು ಬೇಡವೇ ಬೇಡ. ನೀವಿರುವುದು ಪೀಣ್ಯದಲ್ಲಿ. ಕಾರ್ಖಾನೆ ನೀರಿನ ಸೀಸ, ಕ್ರೋಮಿಯಂನಂಥ ಲೋಹ ಸೊಪ್ಪಿಗೆ ಸೇರಿದರೆ ತೊಳೆದರೂ ಹೋಗುವುದಿಲ್ಲ.

ಮೊಟ್ಟೆ, ಮಾಂಸ ತಿನ್ನುವ ಮನೆ ನಿಮ್ಮದು, ಅದು ಒಳ್ಳೆಯದೇ ಆಯಿತು. ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಬೇಗ ಮೈಗೆ ಹತ್ತುತ್ತದೆ. ಭಾನುವಾರದ ಅರ್ಧ ಕೇಜಿ ಕೋಳಿಯ ಜೊತೆ, ಅಥವಾ ಅದರ ಬದಲಿಗೇ, ಕೋಳಿ ಲಿವರ್ ಕೇಳಿ. ಅಂಗಡಿಯಲ್ಲಿ ಮಾಂಸಕ್ಕಿಂತ ಕಡಿಮೆಗೆ ಸಿಗುತ್ತದೆ. ನೂರು ಗ್ರಾಂಗೆ 9 ಮಿಲಿಗ್ರಾಂನಷ್ಟು ಕಬ್ಬಿಣ ಇದೆ, ಅದೂ ಸುಲಭವಾಗಿ ಹತ್ತುವಂಥದ್ದು. ವಾರಕ್ಕೊಮ್ಮೆ ಮಗಳ ಪಾಲಿಗೆ ಎರಡು ತುಂಡು ಜಾಸ್ತಿ ಬೀಳಲಿ. ಬಸುರಿಯರು ಮಾತ್ರ ಲಿವರ್ ತಿನ್ನುವ ಮೊದಲು ಡಾಕ್ಟರನ್ನು ಕೇಳಬೇಕು. ಕಬ್ಬಿಣದ ಬಾಣಲೆ ಮೂಲೆಯಲ್ಲಿ ಬಿದ್ದಿದ್ದರೆ ಹೊರಗೆ ತೆಗೆಯಿರಿ. ಟೊಮೆಟೊ, ಹುಣಸೆ ಹಾಕಿದ ಪಲ್ಯ, ಗೊಜ್ಜು ಅದರಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣವೇ ಅಷ್ಟಿಷ್ಟು ಅಡುಗೆಗೆ ಇಳಿಯುತ್ತದೆ.

ಇನ್ನು ನಿಮ್ಮ 4,000 ರೂಪಾಯಿ. ನಾನು ಹೀಗೆ ಹಂಚಿ ನೋಡಿದೆ. ಹುರುಳಿ, ಹೆಸರುಕಾಳು, ತೊಗರಿಬೇಳೆ ತಲಾ ಎರಡು ಕೇಜಿ, ಸುಮಾರು 640. ಕಡಲೆಕಾಯಿ ಬೀಜ ಒಂದೂವರೆ ಕೇಜಿ, 210. ರಾಗಿ ಐದು ಕೇಜಿ, 225. ಮೊಟ್ಟೆ ಎರಡು ಟ್ರೇ, 400. ದಿನಕ್ಕೊಂದು ಕಟ್ಟು ಸೊಪ್ಪು, 450. ತರಕಾರಿ 700. ದಿನಕ್ಕೆ ಅರ್ಧ ಲೀಟರ್ ಹಾಲು, 690. ಬಾಳೆ, ಸೀಬೆ, ಪಪ್ಪಾಯಿ, ನಿಂಬೆ ಎಲ್ಲ ಸೇರಿ 200. ಎಣ್ಣೆ ಎರಡು ಲೀಟರ್, 290. ಒಟ್ಟು 3,805. ಉಳಿದದ್ದು 195. ಅದರಲ್ಲಿ ಉಪ್ಪು, ಖಾರದಪುಡಿ, ಟೀ ಪುಡಿ, ಸಕ್ಕರೆ, ಈರುಳ್ಳಿ, ಭಾನುವಾರದ ಕೋಳಿ ಎಲ್ಲ ಬರಬೇಕು. ಬರುವುದಿಲ್ಲ. ಮೂರು ಸಲ ಕೂತು ಕೂಡಿಸಿದರೂ ನನ್ನ ಕೈಯಲ್ಲಿ ಹೊಂದಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಏನನ್ನಾದರೂ ಬಿಡಲೇಬೇಕು ಅಂದರೆ ಯಾವುದನ್ನು ಮೊದಲು ಬಿಡಬೇಕು ಅನ್ನುವುದನ್ನು ಮಾತ್ರ ಹೇಳಬಲ್ಲೆ. ಮೊದಲು ಬಿಡಬೇಕಾದ್ದು ದುಡ್ಡು ಕೊಟ್ಟು ತರುವ ಹಣ್ಣು. ನಿಂಬೆ, ನೆಲ್ಲಿಕಾಯಿ, ಸೀಬೆ ಅಗ್ಗವಾದಾಗ ಮಾತ್ರ ತನ್ನಿ, ಸೇಬಿನ ಕಡೆ ತಿರುಗಿಯೂ ನೋಡಬೇಡಿ. ಆಮೇಲೆ ಟೀಗೆ ಹೋಗುವ ಹಾಲು. ಮುದ್ದೆ ಉಣ್ಣುವ ಮನೆಯಲ್ಲಿ ಸುಣ್ಣದ ಅಂಶಕ್ಕೆ ಹಾಲೊಂದನ್ನೇ ನಂಬಬೇಕಾಗಿಲ್ಲ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲಿನ ಮೂರರಷ್ಟು. ಎಣ್ಣೆ ಒಂದೂವರೆ ಲೀಟರಿಗೆ ಇಳಿಸಬಹುದು. ಆದರೆ ಕಾಳು, ಸೊಪ್ಪು, ಮೊಟ್ಟೆ ಈ ಮೂರನ್ನು ಕೊನೆವರೆಗೂ ಬಿಡಬೇಡಿ. ಮೊಟ್ಟೆಯನ್ನು ತಿಂಗಳ ಮೊದಲ ವಾರವೇ ತಿಂದು ಮುಗಿಸದೆ ಹಂಚಿಕೊಳ್ಳಿ, ಮಗಳಿಗೆ ರಜಾ ದಿನವೂ ಒಂದು ಇರಲಿ. ಸಿರಿಧಾನ್ಯ ಬೇಕಾಗಿಲ್ಲ. ನವಣೆ, ಸಾಮೆ ಬಡವರ ಅನ್ನವಾಗಿದ್ದ ಕಾಲ ಹೋಯಿತು. 2023ರಲ್ಲಿ ವಿಶ್ವಸಂಸ್ಥೆ ಅದಕ್ಕೊಂದು ವರ್ಷವನ್ನೇ ಮೀಸಲಿಟ್ಟಿತು. ಈಗ ಬೆಲೆಯೂ ಹೆಸರಿಗೆ ತಕ್ಕಂತೆ ಸಿರಿವಂತರದ್ದೇ. ರಾಗಿ ಸಾಕು, ನಿಮ್ಮದು ಉತ್ತರದ ಕಡೆಯ ಊರಾದರೆ ಜೋಳ. ರೇಷನ್ ಅಂಗಡಿಯಲ್ಲಿ ರಾಗಿ, ಜೋಳ ಬಂದ ತಿಂಗಳು ಅಕ್ಕಿ ಸಾಲದು ಅಂತ ಬಿಟ್ಟುಬರಬೇಡಿ.

ತರಕಾರಿಗೆ ಒಂದು ಉಪಾಯ. ರಾತ್ರಿ ಎಂಟರ ಮೇಲೆ ಗಾಡಿಯವರು ಉಳಿದದ್ದನ್ನು ಗುಡ್ಡೆ ಲೆಕ್ಕದಲ್ಲಿ ಕೊಡುತ್ತಾರೆ. ಅದೇ ಗಾಡಿಯವರ ಹತ್ತಿರ ವಾರವೆಲ್ಲ ಕೊಂಡರೆ ಕೊತ್ತಂಬರಿ, ಕರಿಬೇವು, ಹಸಿಮೆಣಸಿನಕಾಯಿ ಕೊಸರಿಗೆ ಬರುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ನಾಲ್ಕು ಮನೆಯವರು ಸೇರಿ ಒಬ್ಬರನ್ನು ಭಾನುವಾರ ಬೆಳಿಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಕಳಿಸುವ ಹೆಂಗಸರನ್ನು ನೋಡಿದ್ದೇನೆ. ಬಸ್ ಚಾರ್ಜ್ ಇಲ್ಲ, ಚೀಲ ಹೊರುವುದೇ ಕಷ್ಟ. ವಾರಕ್ಕೊಬ್ಬರ ಸರದಿ.

ಬಿಟ್ಟಿ ಸಿಗುವುದನ್ನು ನಾಚಿಕೆಯಿಲ್ಲದೆ ತಗೊಳ್ಳಿ, ಅದು ನಿಮ್ಮದೇ ತೆರಿಗೆ. ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುತ್ತೀರಿ. ನಿಮ್ಮ ಮಗಳ ಶಾಲೆಯಲ್ಲಿ ಬಿಸಿಯೂಟ, ಹಾಲು, ರಾಗಿ ಮಾಲ್ಟ್ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಕೊಟ್ಟಿದ್ದರಿಂದ 2024ರಿಂದ ವಾರದಲ್ಲಿ ಆರು ದಿನ ಮೊಟ್ಟೆಯೂ ಸಿಗುವಂತಾಯಿತು. 2021ರ ಕೊನೆಯಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊದಲು ಮೊಟ್ಟೆ ಕೊಟ್ಟಾಗ ಕೆಲವು ಸ್ವಾಮಿಗಳು ವಿರೋಧಿಸಿದ್ದರು. ತಿನ್ನದವರಿಗೆ ಬಾಳೆಹಣ್ಣು ಇದೆ. ತಿನ್ನುವ ಮಗುವಿಗೆ ಯಾಕೆ ತಪ್ಪಿಸಬೇಕು ಹೇಳಿ. ನಿಮ್ಮ ಮಗಳು ನಿಜವಾಗಿ ತಿನ್ನುತ್ತಿದ್ದಾಳಾ ಅಂತ ವಿಚಾರಿಸಿ. ಈ ವಯಸ್ಸಿನ ಹುಡುಗಿಯರು ವಾಸನೆ ಅಂತಲೋ ಗೆಳತಿಯರು ನಗುತ್ತಾರೆ ಅಂತಲೋ ಬಿಟ್ಟುಬಿಡುತ್ತಾರೆ. ಮಗನ ವಿಷಯ ನೀವೇ ಯೋಚಿಸಿ. ಕಾನ್ವೆಂಟ್ ಅಂದ ತಕ್ಷಣ ಊಟ, ಹಾಲು, ಮೊಟ್ಟೆ ಎಲ್ಲ ತಪ್ಪಿತು, ಮೇಲೆ ಫೀಸು ಬೇರೆ. ಶಾಲೆ ಬಿಡಿಸಿ ಅಂತ ನಾನು ಹೇಳುವುದಿಲ್ಲ, ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅವನ ಡಬ್ಬಿಗೆ ಬಿಸ್ಕತ್ತಿನ ಬದಲು ಬೇಯಿಸಿದ ಕಾಳೋ ಕಡಲೆಕಾಯಿ ಬೀಜ ಬೆಲ್ಲವೋ ಹೋಗಲಿ.

ರೇಷನ್ ಅಕ್ಕಿಯಲ್ಲಿ ಅಲ್ಲಲ್ಲಿ ಬೇರೆ ಬಣ್ಣದ ಕಾಳು ನೋಡಿ, ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಎಸೆಯುವವರು ಬಹಳ ಜನ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಹಾಗೆ ಮಾಡಿ ನೂರಕ್ಕೆ ಒಂದರಂತೆ ಬೆರೆಸಿದ್ದು. ಕಂಡರೆ ಎಸೆಯಬೇಡಿ. ನಿಮ್ಮ ಕಾರ್ಡು ಊರಿನ ವಿಳಾಸದಲ್ಲಿದ್ದರೂ ಬೆಂಗಳೂರಿನ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಕೊಟ್ಟು ರೇಷನ್ ತಗೊಳ್ಳಬಹುದು. ಇದು ಗೊತ್ತಿಲ್ಲದೆ ಪ್ರತಿ ತಿಂಗಳು ಊರಿಗೆ ಓಡುವವರನ್ನು ನಿಮ್ಮ ಫ್ಯಾಕ್ಟರಿಯಲ್ಲೂ ನೋಡಿರುತ್ತೀರಿ. ಅಲ್ಲಿ ಬಸುರಿ, ಬಾಣಂತಿ ಯಾರಾದರೂ ಇದ್ದರೆ ಮಾತೃಪೂರ್ಣ ಯೋಜನೆಯ ಊಟಕ್ಕೆ ಅಂಗನವಾಡಿಯಲ್ಲಿ ಹೆಸರು ಬರೆಸಲು ಹೇಳಿ. ಉಳಿದ ಅಕ್ಕಿ ಮಾರಿ ಬೇಳೆ ಕೊಳ್ಳುವವರೂ ಇದ್ದಾರೆ. ಅದು ಅಪರಾಧ, ಮಾಡಿ ಅಂತ ಹೇಳಲಾರೆ. ಆದರೆ ಜನಕ್ಕೆ ಏನು ಬೇಕಾಗಿದೆ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಡಬ್ಬಿಯಲ್ಲಿ ಬರುವ ಚಾಕೊಲೇಟ್ ಬಣ್ಣದ ಪೌಡರ್ ಹಾಲಿಗೆ ಹಾಕಿದರೆ ಮಕ್ಕಳು ಎತ್ತರ ಆಗುತ್ತಾರೆ ಅಂತ ಟೀವಿಯಲ್ಲಿ ಹೇಳುತ್ತಾರೆ. ಅದರಲ್ಲಿ ಸಕ್ಕರೆ ಜಾಸ್ತಿ. ಇಂಥವನ್ನು ಆನ್‌ಲೈನ್ ಅಂಗಡಿಗಳು ‘ಹೆಲ್ತ್ ಡ್ರಿಂಕ್’ ಅಂತ ಮಾರಬಾರದು ಎಂದು ಕೇಂದ್ರ ಸರ್ಕಾರವೇ 2024ರ ಏಪ್ರಿಲ್‌ನಲ್ಲಿ ಸೂಚಿಸಿತು. ಮೊಳಕೆ ರಾಗಿ ಹುರಿದು ಬೀಸಿಸಿದ ಹಿಟ್ಟಿಗೆ ಒಂದು ಚಮಚ ಹುರಿಗಡಲೆ ಪುಡಿ ಹಾಕಿ ಕಾಸಿದರೆ ಅದಕ್ಕಿಂತ ಸಾವಿರ ಪಾಲು ವಾಸಿ. ಐದು ರೂಪಾಯಿ ಕುರುಕಲಿನ ಪ್ಯಾಕೆಟ್ಟನ್ನು ಪೂರ್ತಿ ನಿಲ್ಲಿಸಿ ಅಂತ ಉಪದೇಶ ಮಾಡುವುದಿಲ್ಲ. ಅಳುವ ಮಗುವನ್ನು ಸುಮ್ಮನಾಗಿಸಲು ಐದು ರೂಪಾಯಿಗೆ ಬೇರೇನು ಸಿಗುತ್ತದೆ? ದಿನಕ್ಕೆ ಎರಡಿದ್ದರೆ ಒಂದಕ್ಕೆ ಇಳಿಸಿ. ಉಳಿದ ಐದು ರೂಪಾಯಿ ತಿಂಗಳಿಗೆ 150, ಅಂದರೆ ಇಪ್ಪತ್ತಕ್ಕೂ ಹೆಚ್ಚು ಮೊಟ್ಟೆ.

ಕೊನೆಯದಾಗಿ ಒಂದು ಮಾತು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗಳ ಊಟ ಬರೆದಿದ್ದೀರಿ, ಮಗನದ್ದು ಬರೆದಿದ್ದೀರಿ. ಭಾನುವಾರದ ಕೋಳಿ "ಮನೆಯವರಿಗೆ, ಮಕ್ಕಳಿಗೆ" ಅಂದಿದ್ದೀರಿ. ನೀವೇನು ತಿನ್ನುತ್ತೀರಿ ಅಂತ ಎಲ್ಲೂ ಇಲ್ಲ. ಬೆಳಿಗ್ಗೆ ಎಲ್ಲರಿಗೂ ಡಬ್ಬಿ ಕಟ್ಟಿ ನೀವು ಟೀ ಕುಡಿದು ಓಡುತ್ತೀರಿ, ರಾತ್ರಿ ಪಾತ್ರೆ ತಳದಲ್ಲಿ ಉಳಿದದ್ದು ನಿಮ್ಮದು, ಅಲ್ವಾ? ಮೇಲೆ ಹೇಳಿದ ಶೇ 47.8 ಅಂದರೆ ನಿಮ್ಮ ಲೈನಿನಲ್ಲಿ ಕೂತವರಲ್ಲಿ ಹೆಚ್ಚುಕಡಿಮೆ ಇಬ್ಬರಿಗೊಬ್ಬರು. ಬೆಳಿಗ್ಗೆ ಏನೂ ತಿನ್ನದೆ ಹೊರಟ ದಿನ ದಾರಿಯಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಐದು ರೂಪಾಯಿಗೆ ತಿಂಡಿ ಸಿಗುತ್ತದೆ, ತಿಂದೇ ಹೋಗಿ. ಎರಡು ಟ್ರೇ ಮೊಟ್ಟೆಯಲ್ಲಿ ನಿಮ್ಮ ಪಾಲನ್ನೂ ಸೇರಿಸಿಯೇ ನಾನು ಲೆಕ್ಕ ಹಾಕಿದ್ದು.

ಮಗಳಿಗೆ ಒಂದು ತಿಂಗಳು ಮಾತ್ರೆ ಆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಒಂದು ಪಾಯಿಂಟಾದರೂ ಏರಿರಬೇಕು. ಏರದಿದ್ದರೆ ಮಾತ್ರೆ ಸರಿಯಾಗಿ ನುಂಗುತ್ತಿಲ್ಲ, ಇಲ್ಲವೇ ಕಾರಣ ಬೇರೆ ಇದೆ, ಆಗ ಡಾಕ್ಟರು ಮುಂದಿನ ಪರೀಕ್ಷೆ ಬರೆಯಬೇಕು. ಏರಿದರೂ ಕೋರ್ಸ್ ಮುಗಿಯುವವರೆಗೆ ನಿಲ್ಲಿಸಬೇಡಿ. ಮೈಯೊಳಗಿನ ದಾಸ್ತಾನು ತುಂಬಲು ಮೂರು ತಿಂಗಳಾದರೂ ಬೇಕು. ಅವಳನ್ನು ಕರೆದುಕೊಂಡು ಹೋದ ದಿನ ನಿಮ್ಮ ಬೆರಳನ್ನೂ ಚುಚ್ಚಿಸಿಕೊಂಡು ಬನ್ನಿ. ಇಬ್ಬರ ರಿಪೋರ್ಟನ್ನೂ ಬರೆದು ಕಳಿಸಿ.